ಮೆಸಿಯೆಯ ಪಟ್ಟಿಯೂ ತೆಲಿಗಿಯ ಆಕಾಶವೂ

ಪಟ್ಟಿಯೆಂದರೆ ನಮಗೆ ಸ್ವಲ್ಪ ಅಸಡ್ಡೆ. ಆದರೆ ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯ ಮೊದಲ ಸಂಪುಟ ೧೯೦೭ರಲ್ಲಿ ಹೊರಬರದೆ ಹೋಗಿದ್ದರೆ ನನ್ನಂಥ ಕನ್ನಡ ಅಧ್ಯಾಪಕರ ಪಾಡೇನಾಗುತ್ತಿತ್ತು? ಆಕಾಶಕ್ಕೂ ಇಂಥ ಕವಿಚರಿತೆಗಳುಂಟು. ನಕ್ಷತ್ರಗಳ ನಡುವೆ ಮಸುಕಾಗಿ ತೋರುವ ತಾರಾಗುಚ್ಛ, ನೀಹಾರಿಕೆ, ಗೆಲಾಕ್ಸಿಗಳ ಪಟ್ಟಿಗಳು ಅವು. ಅವನ್ನು ಬರೆದವರು ಏನನ್ನು ಹುಡುಕುತ್ತಿದ್ದರು, ಎಲ್ಲಿ ನಿಂತು ನೋಡಿದರು ಎಂದು ಕೇಳಿದರೆ ಆ ಒಣ ಅಂಕಿಗಳಿಗೂ ಜೀವ ಬರುತ್ತದೆ.

ಎಲ್ಲಕ್ಕಿಂತ ಪ್ರಸಿದ್ಧವಾದುದು ಪ್ಯಾರಿಸಿನ ಶಾರ್ಲ್ ಮೆಸಿಯೆಯ ಪಟ್ಟಿ. ಆತನು ಬೇಟೆಯಾಡುತ್ತಿದ್ದುದು ಧೂಮಕೇತುಗಳನ್ನು. ೧೭೫೮ರಲ್ಲಿ ಒಂದು ಧೂಮಕೇತುವಿನ ಬೆನ್ನು ಹತ್ತಿದ್ದಾಗ ವೃಷಭರಾಶಿಯಲ್ಲಿ ಮಸುಕೊಂದು ಕಂಡಿತು, ಅದು ಕದಲಲಿಲ್ಲ. ಧೂಮಕೇತುವೆಂಬ ಭ್ರಮೆ ಹುಟ್ಟಿಸುವ ಇಂಥವನ್ನು ಆತನು ಗುರುತು ಹಾಕತೊಡಗಿದನು. ೧೭೭೪ರಲ್ಲಿ ಅವು ೪೫, ೧೭೮೧ರಲ್ಲಿ ೧೦೩. ಬೇಡವಾದುವುಗಳ ಪಟ್ಟಿಯೇ ಆತನ ಹೆಸರನ್ನು ಉಳಿಸಿತು.

ಅದರಲ್ಲಿ ೪೫ನೆಯದು ನಮ್ಮ ಕೃತ್ತಿಕೆ. ನಮ್ಮ ರೈತನಿಗೂ ೨೭ ನಕ್ಷತ್ರಗಳ ಪಟ್ಟಿಯುಂಟು. ಸೂರ್ಯನು ಯಾವ ನಕ್ಷತ್ರದಲ್ಲಿರುವನೋ ಆ ಹೆಸರಿನ ಮಳೆ. ಒಂದೇ ತಾರಾಗುಚ್ಛ ಅಲ್ಲಿ ಧೂಮಕೇತುವಲ್ಲದ್ದು, ಇಲ್ಲಿ ಮಳೆಯ ಲೆಕ್ಕ!

ಮಸುಕುಗಳನ್ನು ಅವುಗಳಿಗಾಗಿಯೇ ಅರಸಿದವನು ಇಂಗ್ಲೆಂಡಿನಲ್ಲಿ ನೆಲೆಸಿದ್ದ ವಿಲಿಯಂ ಹರ್ಷೆಲ್. ೧೭೮೬, ೧೭೮೯, ೧೮೦೨ರ ಮೂರು ಪಟ್ಟಿಗಳಲ್ಲಿ ಆತನು ೨,೫೦೦ನ್ನು ದಾಖಲಿಸಿದನು. ಅಣ್ಣನು ದೂರದರ್ಶಕದಿಂದ ಹೇಳಿದ್ದನ್ನು ಬರೆದುಕೊಂಡವಳು ತಂಗಿ ಕ್ಯಾರೊಲಿನ್. ೧೮೨೨ರಲ್ಲಿ ಆತನು ತೀರಿಕೊಂಡ ಮೇಲೆ, ಎಪ್ಪತ್ತು ದಾಟಿದ ಆಕೆ ಅವನ್ನೆಲ್ಲ ಆಕಾಶದ ಸ್ಥಾನಕ್ರಮದಲ್ಲಿ ಮತ್ತೆ ಜೋಡಿಸಿ ಬರೆದಳು. ವಿಲಿಯಮನ ಮಗ ಜಾನ್ ಅದನ್ನು ಆಧರಿಸಿ ಕೆಲಸ ಮುಂದುವರಿಸಿ, ೧೮೬೪ರಲ್ಲಿ ೫,೦೭೯ರ ಪಟ್ಟಿ ಪ್ರಕಟಿಸಿದನು. ಅದನ್ನು ಡ್ರೆಯರನು ೧೮೮೮ರಲ್ಲಿ ೭,೮೪೦ಕ್ಕೆ ಬೆಳೆಸಿದನು. ಇಂದಿಗೂ ವಿಜ್ಞಾನಿಗಳು ಬಳಸುವ ‘ಎನ್.ಜಿ.ಸಿ.’ ಇದೇ. ಅದರ ಅಡಿಪಾಯದಲ್ಲಿ ಒಬ್ಬ ಮುದುಕಿಯ ಅಕ್ಷರಗಳಿವೆ.

ಇನ್ನು ನಿಂತ ನೆಲದ ಮಾತು. ಪ್ಯಾರಿಸ್ ಇರುವುದು ಸುಮಾರು ೪೯ ಡಿಗ್ರಿ ಉತ್ತರದಲ್ಲಿ. ಹರಪನಹಳ್ಳಿಯ ಕಡೆಯ ತೆಲಿಗಿ ಹದಿನಾಲ್ಕೂವರೆ ಡಿಗ್ರಿಯ ಆಸುಪಾಸಿನಲ್ಲಿ. ನಮ್ಮ ಗೆಲಾಕ್ಸಿಯ ಅತಿ ದೊಡ್ಡ ಗೋಳಗುಚ್ಛ ಒಮೆಗಾ ಸೆಂಟಾರಿ ಪ್ಯಾರಿಸಿನಲ್ಲಿ ಹುಟ್ಟುವುದೇ ಇಲ್ಲ. ಆದುದರಿಂದ ಮೆಸಿಯೆಯ ಪಟ್ಟಿಯಲ್ಲಿ ಅದಿಲ್ಲ. ೧೬೭೭ರಲ್ಲಿ ಹ್ಯಾಲಿ ಅದನ್ನು ಗುರುತಿಸಿದ್ದು ಸೇಂಟ್ ಹೆಲೆನಾ ದ್ವೀಪದಲ್ಲಿ. ದಕ್ಷಿಣದ ೪೨ ಮಸುಕುಗಳ ಪಟ್ಟಿಯನ್ನು ೧೭೫೫ರಲ್ಲಿ ಪ್ರಕಟಿಸಿದ ಲಕಾಯ್ ಅದಕ್ಕಾಗಿ ಆಫ್ರಿಕದ ತುದಿಯವರೆಗೆ ಹೋಗಬೇಕಾಯಿತು. ತೆಲಿಗಿಯವರು ಎಲ್ಲಿಗೂ ಹೋಗಬೇಕಾಗಿಲ್ಲ. ಮೇ ತಿಂಗಳ ನಡುವಿನಲ್ಲಿ, ಚಂದ್ರನಿಲ್ಲದ ರಾತ್ರಿ ಹತ್ತು ಗಂಟೆಗೆ, ದೀಪಗಳಿಂದ ದೂರದ ಹೊಲದಲ್ಲಿ ನಿಂತು ದಕ್ಷಿಣಕ್ಕೆ ತಿರುಗಿದರೆ ಸಾಕು. ದಿಗಂತದಿಂದ ಸುಮಾರು ೨೮ ಡಿಗ್ರಿ ಮೇಲೆ, ಬರಿಗಣ್ಣಿಗೆ, ಮಂಜು ಕವಿದ ನಕ್ಷತ್ರದಂತೆ ಅದು ತೋರುತ್ತದೆ.

ಆಕಾಶ ನೋಡತೊಡಗುವ ನಮ್ಮ ಹುಡುಗರ ಕೈಗೆ ಮೊದಲು ಬರುವುದು ಮೆಸಿಯೆಯ ಪಟ್ಟಿಯೇ. ಬರಲಿ, ಒಳ್ಳೆಯದೇ. ಆದರೆ ಅದು ಪ್ಯಾರಿಸಿನ ದಿಗಂತದೊಳಗಿನ ಪಟ್ಟಿಯೆಂದು ಅವರಿಗೆ ಹೇಳಬೇಕು. ಅದರ ಕೊನೆಯಲ್ಲಿ ನಮ್ಮ ಊರಿನಿಂದ ಕಾಣುವುದನ್ನು ಬರೆಯಲು ಕೆಲವು ಹಾಳೆಗಳನ್ನು ಬಿಡಿಸಬೇಕು. ಊರ ದೀಪಗಳು ದಕ್ಷಿಣದ ಅಂಚನ್ನು ನುಂಗುವ ಮೊದಲು ಈ ಕೆಲಸ ಆಗಬೇಕು.