ಹಿಡಿದಿಟ್ಟ ನಾದದ ಶ್ರುತಿ

ಸಿಂದಗಿ ಸೀಮೆಯ ಊರುಗಳಲ್ಲಿ ಭಜನೆಗೋ ಹಬ್ಬದ ಗಾಯನಕ್ಕೋ ಜನ ಕೂಡಿದಾಗ ಹಳೆಯ ಪೇಟಿಯ ಪಕ್ಕದಲ್ಲಿ ಹೊಸ ಕೀಬೋರ್ಡ್ ಇರಿಸಿರುವುದನ್ನು ನೀವು ಕಂಡಿರಬಹುದು. ಎರಡರಲ್ಲಿಯೂ ಅದೇ ಕರಿ ಪಟ್ಟಿಯನ್ನು ಒತ್ತಿದರೂ ನಾದಗಳು ಕೂಡುವುದಿಲ್ಲ. ನಡುವೆ ಒಂದು ಕಂಪನ, ಕಿವಿಗೆ ಕಿರಿಕಿರಿ. ಪೇಟಿಯ ನಾದ ಹಿತ್ತಾಳೆಯ ರೀಡಿನದು; ಅದರ ಶ್ರುತಿ ಕುಶಲಕರ್ಮಿಯು ರೀಡನ್ನು ಕೆರೆದಷ್ಟಕ್ಕೆ ನಿಂತಿರುತ್ತದೆ, ವರ್ಷಗಳು ಕಳೆದಂತೆ ಅಷ್ಟಿಷ್ಟು ಸರಿಯುತ್ತದೆ. ಕೀಬೋರ್ಡಾದರೋ 1939ರ ಲಂಡನ್ ಸಮ್ಮೇಳನದಲ್ಲಿ ಒಪ್ಪಿಕೊಂಡ, ಸೆಕೆಂಡಿಗೆ 440 ಕಂಪನಗಳ ಅಳತೆಗೆ ಬದ್ಧವಾಗಿ ಕಾರ್ಖಾನೆಯಿಂದ ಹೊರಡುತ್ತದೆ. ಇವೆರಡರ ನಡುವೆ ಹಾಡುವವರ ಕಂಠದ ಗತಿಯೇನು?

ಈ ನೆಲದಲ್ಲಿ ಕಂಠಕ್ಕೆ ವಾದ್ಯವು ಮಣಿಯುತ್ತಿದ್ದ ಕಾಲವೊಂದಿತ್ತು. 1580ರಿಂದ 1627ರವರೆಗೆ ವಿಜಯಪುರವನ್ನಾಳಿದ ಎರಡನೆಯ ಇಬ್ರಾಹಿಂ ಆದಿಲ್‌ಶಾಹ ತನ್ನ ತಂಬೂರಿಗೆ ‘ಮೋತಿ ಖಾನ್’ ಎಂದು ಹೆಸರಿಟ್ಟು, ಬಂಧುವನ್ನೆಂಬಂತೆ ಪ್ರೀತಿಸುತ್ತಿದ್ದ. ತಂಬೂರಿಯ ತಂತಿಯನ್ನು ಗಾಯಕ ತನ್ನ ಷಡ್ಜಕ್ಕೆ ತಕ್ಕಂತೆ ಬಿಗಿಗೊಳಿಸುತ್ತಾನೆ, ಸಡಿಲಿಸುತ್ತಾನೆ. ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿನಿಂದ ಮಿಶನರಿಗಳೊಂದಿಗೂ ವ್ಯಾಪಾರಿಗಳೊಂದಿಗೂ ಬಂದ ಹಾರ್ಮೋನಿಯಂ ಈ ಸಂಬಂಧವನ್ನು ತಿರುವುಮುರುವು ಮಾಡಿತು. ನಾಟಕ ಕಂಪನಿಗಳು ಅದನ್ನು ಹಳ್ಳಿಹಳ್ಳಿಗೆ ಒಯ್ದವು. ‘ಕರಿ ಒಂದು’, ‘ಬಿಳಿ ನಾಲ್ಕು’ ಎಂದು ಗಾಯಕರೇ ತಮ್ಮ ಕಂಠವನ್ನು ಪಟ್ಟಿಗಳ ಲೆಕ್ಕದಲ್ಲಿ ಹೇಳತೊಡಗಿದರು. 1940ರಲ್ಲಿ ಆಕಾಶವಾಣಿ ಈ ವಾದ್ಯವನ್ನು ನಿಷೇಧಿಸಿತು; 1971ರವರೆಗೆ ಅದು ತೆರವಾಗಲಿಲ್ಲ. 1950ರಲ್ಲಿ ಧಾರವಾಡ ಕೇಂದ್ರ ಆರಂಭವಾದ ಮೇಲೂ, ಮನೆಯಲ್ಲಿ ಪೇಟಿಯಿದ್ದವರು ರೇಡಿಯೋದಲ್ಲಿ ಅದನ್ನು ಕೇಳಲಾಗಲಿಲ್ಲ! ನಿಷೇಧ ಕಠಿಣವೇ ಸರಿ, ಆದರೆ ಆಕ್ಷೇಪ ನಿರಾಧಾರವಾಗಿರಲಿಲ್ಲ: ತಂಬೂರಿಯೊಳಗಿನಿಂದ ತಾನೇ ಹೊಮ್ಮುವ ಗಾಂಧಾರಕ್ಕಿಂತ ಸಮವಾಗಿ ಹಂಚಿದ ಪಟ್ಟಿಯ ಗಾಂಧಾರ ತುಸು ಏರಿರುತ್ತದೆ. ಅರ್ಧ ಸ್ವರವನ್ನು ನೂರು ಭಾಗ ಮಾಡಿದರೆ ಸುಮಾರು ಹದಿನಾಲ್ಕು ಭಾಗದಷ್ಟು.

ಅಷ್ಟರಲ್ಲಿ ನಾದವನ್ನು ಹಿಡಿದಿಡುವ ಯಂತ್ರವೂ ಬಂದಿತ್ತು. ಗ್ರಾಮಫೋನಿನ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗಬೇಕು. ಎಂಬತ್ತು ಸುತ್ತು ತಿರುಗಿದರೆ ಹಾಡು ಬೇಗ ಮುಗಿಯುವುದರ ಜೊತೆಗೆ ಶ್ರುತಿಯೂ ಅರ್ಧ ಸ್ವರದ ಅರ್ಧಕ್ಕಿಂತ ಕೊಂಚ ಕಡಿಮೆ ಏರುತ್ತದೆ. ಇಲ್ಲೊಂದು ಸ್ವಾರಸ್ಯವಿದೆ. 1930ರ ದಶಕದಲ್ಲಿ ಗಂಗೂಬಾಯಿ ಹಾನಗಲ್ಲರ ಧ್ವನಿಮುದ್ರಿಕೆಗಳು ಗಾಂಧಾರಿ ಎಂಬ ಹೆಸರಿನಲ್ಲಿ ಹೊರಬಂದವು. ಅವರ ಗಂಭೀರ ಕಂಠವನ್ನಷ್ಟೇ ಬಲ್ಲ ನಾವು ಆ ತೆಳುವಾದ ಎಳೆಯ ದನಿಯನ್ನು ಕೇಳಿದೊಡನೆ ತಟ್ಟೆ ವೇಗವಾಗಿ ತಿರುಗುತ್ತಿದೆಯೆಂದು ಸಂಶಯಪಡುತ್ತೇವೆ. ಆದರೆ ದನಿ ಬದಲಾದದ್ದು ಅನಂತರ, ಗಂಟಲಿನ ಚಿಕಿತ್ಸೆಯಾದ ಮೇಲೆ. ತಟ್ಟೆಯನ್ನು ನಿಧಾನಗೊಳಿಸಿ ‘ನಮ್ಮ’ ಗಂಗೂಬಾಯಿಯನ್ನು ಪಡೆಯಹೊರಟರೆ, ಆ ತರುಣಿಯನ್ನೇ ಅಳಿಸಿದಂತಾದೀತು.

ಹಿಡಿದಿಟ್ಟ ನಾದವನ್ನು ಪಟ್ಟಿಗಳಿಗೆ ಕಟ್ಟುವ ಸಾಹಸ ಇದರ ಮುಂದುವರಿಕೆ. 1963ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಸಿದ್ಧವಾದ ಮೆಲೊಟ್ರಾನಿನಲ್ಲಿ ಒಂದೊಂದು ಪಟ್ಟಿಗೂ ಒಂದೊಂದು ಟೇಪು. ಸುಮಾರು ಎಂಟು ಸೆಕೆಂಡು ನುಡಿದು ಮುಗಿಯುತ್ತಿತ್ತು. ಶ್ರುತಿ ಕೂಡಿಸಲು ಮೋಟಾರಿನ ವೇಗವನ್ನೇ ಬದಲಿಸಬೇಕಾಗಿತ್ತು. 1979ರಲ್ಲಿ ಸಿಡ್ನಿಯಿಂದ ಬಂದ ಫೇರ್‌ಲೈಟ್ ಯಂತ್ರ ನಾದವನ್ನು ಅಂಕಿಗಳಾಗಿ ನೆನಪಿನಲ್ಲಿಟ್ಟುಕೊಂಡಿತು. 1981ರ ಎಮ್ಯುಲೇಟರ್ ಅದೇ ವಿದ್ಯೆಯನ್ನು ತುಸು ಅಗ್ಗಗೊಳಿಸಿತು. ಆ ದಶಕದ ನಡುವಿನಲ್ಲಿ ಕ್ಯಾಸಿಯೋ ಕಂಪನಿಯ ಎಸ್‌ಕೆ-1 ಮಕ್ಕಳ ಕೈಗೂ ಸಿಕ್ಕಿತು. ಅದರ ಮೈಕಿನಲ್ಲಿ ಒಂದು ಮಾತನ್ನಾಡಿ ಪಟ್ಟಿಗಳನ್ನು ಒತ್ತಿದರೆ ಆ ಮಾತೇ ರಾಗವಾಗುತ್ತಿತ್ತು.

ಒಳಗುಟ್ಟು ಗ್ರಾಮಫೋನಿನದೇ. ಒಂದು ಸಪ್ತಕ ಮೇಲಿನ ಸ್ವರ ಬೇಕಾದರೆ ಯಂತ್ರ ಆ ಅಂಕಿಗಳನ್ನು ಎರಡು ಪಟ್ಟು ವೇಗವಾಗಿ ಓದುತ್ತದೆ. ನಾದದ ಆಯುಷ್ಯ ಅರ್ಧವಾಗುತ್ತದೆ. ಮನುಷ್ಯ ದನಿಗಂತೂ ಇದರಿಂದ ದೊಡ್ಡ ಅಪಚಾರವಾಗುತ್ತದೆ. ನಾವು ತಾರಸ್ಥಾಯಿಗೆ ಏರುವಾಗ ಸ್ವರ ಏರುತ್ತದೆಯೇ ವಿನಾ ನಮ್ಮ ಬಾಯಿ, ಗಂಟಲುಗಳು ಕುಗ್ಗಿ ಚಿಕ್ಕವಾಗುವುದಿಲ್ಲ. ಯಂತ್ರವಾದರೋ ಎಲ್ಲವನ್ನೂ ಒಟ್ಟಿಗೆ ಎತ್ತುತ್ತದೆ. ಅಜ್ಜಿಯ ದನಿ ಮಗುವಿನ ದನಿಯಾಗುತ್ತದೆ, ಮಗುವಿನದೂ ಅಲ್ಲದ ಏನೋ ಆಗುತ್ತದೆ. ತಂಬೂರಿಯನ್ನು ಹೀಗೆ ಎತ್ತಿದರೆ ಅದರ ತಂತಿಗಳ ಅಲೆ ಅವಸರದಿಂದ ಬಡಿದುಕೊಳ್ಳುತ್ತದೆ. ಆದುದರಿಂದಲೇ ಒಳ್ಳೆಯ ಕೀಬೋರ್ಡ್ ತಯಾರಕರು ಕೆಲವೇ ಪಟ್ಟಿಗಳಿಗೊಂದರಂತೆ ಬೇರೆಬೇರೆ ಸ್ವರಗಳನ್ನು ಮುದ್ರಿಸಿಕೊಂಡು, ಎತ್ತುವ ದೂರವನ್ನು ಕಡಿಮೆ ಮಾಡುತ್ತಾರೆ.

ಇಂಡಿ ಸೀಮೆಯ ಹಲಸಂಗಿ ಗೆಳೆಯರು ಹಳ್ಳಿಯ ಹೆಣ್ಣುಮಕ್ಕಳಿಂದ ಕೇಳಿ ಬರೆದುಕೊಂಡ ಹಾಡುಗಳು 1931ರಲ್ಲಿ ‘ಗರತಿಯ ಹಾಡು’ ಆಗಿ ಅಚ್ಚಾದವು. ಪದಗಳು ಉಳಿದವು, ಬೀಸುವ ಕಲ್ಲಿನ ಮುಂದೆ ಕುಳಿತ ಆ ತಾಯಿಯ ಷಡ್ಜ ಎಲ್ಲಿತ್ತೆಂಬುದು ಕಾಗದಕ್ಕೆ ಬರಲಿಲ್ಲ. ಇಂದು ಅಂಥ ದನಿಯನ್ನು ಮುದ್ರಿಸುವುದು ಸುಲಭ, ಅದನ್ನು ಬೇಕಾದ ಪಟ್ಟಿಗೆ ಎಳೆಯುವುದು ಇನ್ನೂ ಸುಲಭ. ಮುದ್ರಿಸುವವರು ಆಕೆ ಹಾಡಿದ ಮೂಲ ಶ್ರುತಿಯ ಪ್ರತಿಯೊಂದನ್ನು ಮುಟ್ಟದೆ ಇಡಬೇಕೆಂಬುದು ನನ್ನ ಒತ್ತಾಯ. ಪಟ್ಟಿಯ ಅನುಕೂಲಕ್ಕೆ ಎಳೆದ ಪ್ರತಿಯೊಂದೇ ಉಳಿದರೆ ಮುಂದಿನವರಿಗೆ ಆಕೆಯ ಬದಲು ಕೀಬೋರ್ಡೇ ಕೇಳಿಸುತ್ತದೆ.

ಮತ್ತೆ ಸಿಂದಗಿಯ ಆ ಗಾಯನಕ್ಕೆ ಬರೋಣ. ಪೇಟಿಯ ರೀಡನ್ನು ಹಾಡು ಆರಂಭವಾಗುವ ಹೊತ್ತಿಗೆ ಕೆರೆಯಲಾಗದು. ಆದ್ದರಿಂದ ನೀವು ಕೀಬೋರ್ಡಿನ ಬಳಿ ಕುಳಿತವರಾದರೆ, ಮೊದಲು ಹಿರಿಯ ಗಾಯಕಿಯೊಬ್ಬರು ಯಾವ ಆಧಾರವೂ ಇಲ್ಲದೆ ಒಂದು ಸಾಲು ಹಾಡಲಿ. ಅವರ ಷಡ್ಜಕ್ಕೆ ಹತ್ತಿರವಾದ ಪೇಟಿಯ ಪಟ್ಟಿ ಯಾವುದೆಂದು ನೋಡಿ, ಅದನ್ನೇ ಷಡ್ಜವಾಗಿ ಹಿಡಿಯಿರಿ. ನಂತರ ಕೀಬೋರ್ಡಿನ ಟ್ಯೂನ್ ಗುಂಡಿಯನ್ನು ಒಂದೊಂದೇ ಅಂಕಿಯಷ್ಟು ಸರಿಸುತ್ತ, ಪೇಟಿಯೊಂದಿಗಿನ ಆ ಕಂಪನ ನಿಧಾನವಾಗಿ, ಇನ್ನೂ ನಿಧಾನವಾಗಿ, ಕೊನೆಗೆ ನಿಲ್ಲುವವರೆಗೆ ಕಿವಿಗೊಟ್ಟು ಕೇಳಿರಿ.