ಇಸ್ಮೆತ್ ಇನೋನು ಸಮಾಧಿ
ಅನಿತ್‌ಕಬಿರ್, ಅಂಕಾರಾ

ಅತಾತುರ್ಕ್ ಸ್ಮಾರಕ ಭವನಕ್ಕೆ ಎದುರಾಗಿ, ಅಂಗಳದ ಈಚೆ ಬದಿಯ ಕಂಬಸಾಲಿನಲ್ಲಿರುವ ಈ ಸಮಾಧಿ ಟರ್ಕಿಯ ಎರಡನೇ ಅಧ್ಯಕ್ಷ ಇಸ್ಮೆತ್ ಇನೋನು (1884–1973) ಅವರದು. ಅತಾತುರ್ಕ್ ಅವರದನ್ನು ಬಿಟ್ಟರೆ ಇಂದು ಇಲ್ಲಿರುವುದು ಇದೊಂದೇ. ನಸುಗೆಂಪು ಕಲ್ಲಿನ ಪೀಠದ ಮೇಲಿನ ಬಿಳಿ ಶಿಲಾಪೆಟ್ಟಿಗೆ ಗುರುತಿಗಷ್ಟೇ. ಪಾರ್ಥಿವ ಶರೀರವಿರುವುದು ಕೆಳಗಿನ ಕೋಣೆಯಲ್ಲಿ.

ಸಮಾಧಿಯ ಎರಡೂ ಪಕ್ಕಗಳನ್ನು ನೋಡಿ. ಗ್ರೀಕ್ ಸೇನೆಯ ವಿರುದ್ಧ ಎರಡನೇ ಇನೋನು ಕದನ ಗೆದ್ದ ಸೇನಾನಿ ಇಸ್ಮೆತ್ 1921ರ ಏಪ್ರಿಲ್ 1ರಂದು ರಣರಂಗದಿಂದ ಕಳಿಸಿದ ತಂತಿಯ ಸಾಲುಗಳು ಒಂದು ಕಡೆ. ಮುಸ್ತಫಾ ಕೆಮಾಲ್ (ಮುಂದೆ ಅತಾತುರ್ಕ್) ಕೊಟ್ಟ ಉತ್ತರ ಇನ್ನೊಂದು ಕಡೆ. ಶತ್ರುವಿನ ಜೊತೆಗೆ ನಾಡಿನ ದುರದೃಷ್ಟವನ್ನೂ ಸೋಲಿಸಿದಿರಿ ಎಂಬುದು ಅದರ ತಾತ್ಪರ್ಯ. ಕದನ ನಡೆದ ಊರಿನ ಹೆಸರೇ 1934ರಲ್ಲಿ ಅವರ ಮನೆತನದ ಹೆಸರಾಯಿತು.

ಆದರೆ ಅವರ ಬಹುದೊಡ್ಡ ಗೆಲುವು ಮಾತುಕತೆಯ ಮೇಜಿನದು. 1922ರ ನವೆಂಬರ್‌ನಲ್ಲಿ ವಿದೇಶಾಂಗ ಮಂತ್ರಿಯಾಗಿ ಶಾಂತಿ ಮಾತುಕತೆಗೆಂದು ಸ್ವಿಟ್ಜರ್ಲೆಂಡಿನ ಲೊಸಾನ್‌ಗೆ ಹೋದಾಗ ಅವರಿಗೆ ರಾಜತಾಂತ್ರಿಕತೆ ಹೊಸತು. ಎದುರಿಗೆ ಬ್ರಿಟನ್ನಿನ ಲಾರ್ಡ್ ಕರ್ಜನ್, ವೈಸ್‌ರಾಯ್ ಆಗಿ ಬಂಗಾಳವನ್ನು ಒಡೆದವರು. ಇಸ್ಮೆತ್‌ಗೆ ಕಿವಿ ಮಂದ. ಕರ್ಜನ್ ಎಷ್ಟೇ ವಾದಿಸಲಿ, ಕೇಳಿಸದವರಂತೆ ಮತ್ತೆ ತಮ್ಮ ಬೇಡಿಕೆಗೇ ಬರುತ್ತಿದ್ದರು. ಫೆಬ್ರವರಿಯಲ್ಲಿ ಮುರಿದುಬಿದ್ದ ಮಾತುಕತೆ ಏಪ್ರಿಲ್‌ನಲ್ಲಿ ಮತ್ತೆ ಶುರುವಾಗಿ, 1923ರ ಜುಲೈ 24ರಂದು ಒಪ್ಪಂದಕ್ಕೆ ಸಹಿ ಬಿತ್ತು. ಟರ್ಕಿಯ ಸ್ವಾತಂತ್ರ್ಯಕ್ಕೆ ಮನ್ನಣೆ ಸಿಕ್ಕಿತು. ಅಲ್ಲಿ ವಿದೇಶಿಯರಿಗಿದ್ದ ವಿಶೇಷ ಹಕ್ಕುಗಳು ರದ್ದಾದವು.

ಅದೇ ವರ್ಷ ಗಣರಾಜ್ಯದ ಮೊದಲ ಪ್ರಧಾನಿ, 1938ರಿಂದ ಅಧ್ಯಕ್ಷ. 1950ರ ಚುನಾವಣೆಯಲ್ಲಿ ಪಕ್ಷ ಸೋತಾಗ ತಕರಾರಿಲ್ಲದೆ ಅಧಿಕಾರ ಬಿಟ್ಟುಕೊಟ್ಟು ವಿರೋಧ ಪಕ್ಷದ ಸಾಲಿನಲ್ಲಿ ಕುಳಿತರು. ಇದು ಲೊಸಾನ್‌ಗೆ ಸರಿಸಮನಾದ ಸಾಧನೆ. 1961ರಲ್ಲಿ, 77ನೇ ವಯಸ್ಸಿನಲ್ಲಿ, ಮತ್ತೆ ಪ್ರಧಾನಿಯಾದರು.