ಗರ್ಭಕೋಶದ ಜನ್ಮಜಾತ ದೋಷಗಳು: ಬಸಿರಿನ ತೊಡಕು ಮತ್ತು ಚಿಕಿತ್ಸೆಯ ಚರಿತ್ರೆ

ಹೆಣ್ಣು ಭ್ರೂಣದಲ್ಲಿ ಎಡಬಲದ ಎರಡು ನಾಳಗಳು ಕೂಡಿ, ನಡುವಣ ಗೋಡೆ ಕರಗಿದ ಮೇಲೆ ಒಂದೇ ಗರ್ಭಕೋಶ ರೂಪುಗೊಳ್ಳುತ್ತದೆ. ಈ ನಾಳಗಳಿಗೆ, 1830ರಲ್ಲಿ ಅವನ್ನು ವಿವರಿಸಿದ ಜರ್ಮನ್ ವಿಜ್ಞಾನಿ ಯೊಹಾನೆಸ್ ಮ್ಯೂಲರ್ ಹೆಸರೇ ನಿಂತಿದೆ. ಕೂಡುವಿಕೆ ಅರ್ಧಕ್ಕೆ ನಿಂತರೆ ಇಕ್ಕೊಂಬಿನ ಗರ್ಭಕೋಶ, ಒಂದೇ ನಾಳ ಬೆಳೆದರೆ ಒಂಟಿಕೊಂಬಿನದು, ಗೋಡೆ ಕರಗದಿದ್ದರೆ ನಡುಗೋಡೆಯದು. ಮುಟ್ಟಿನಲ್ಲಿ ಏರುಪೇರಿಲ್ಲದ ಎಷ್ಟೋ ಹೆಂಗಸರಿಗೆ ಇದು ತಿಳಿಯುವುದೇ ಗರ್ಭ ಮತ್ತೆ ಮತ್ತೆ ಇಳಿದಾಗ, ದಿನ ತುಂಬುವ ಮೊದಲೇ ನೋವು ಬಂದಾಗ, ಇಲ್ಲವೇ ಮಗು ಅಡ್ಡಲಾಗಿ ನಿಂತಾಗ. 2011ರ ಒಂದು ಸಮೀಕ್ಷೆಯ ಪ್ರಕಾರ ಸಾಮಾನ್ಯ ಮಹಿಳೆಯರಲ್ಲಿ ಶೇ. 5.5ರಷ್ಟು, ಗರ್ಭಪಾತವಾದವರಲ್ಲಿ ಶೇ. 13.3ರಷ್ಟು ಮಂದಿಗೆ ಇಂಥ ದೋಷವಿರುತ್ತದೆ.

ಒಂಟಿಕೊಂಬಿನ ಗರ್ಭಕೋಶದ ಪಕ್ಕದಲ್ಲಿ ಬೆಳವಣಿಗೆ ಕುಂಠಿತವಾಗಿ ಉಳಿದ ಇನ್ನೊಂದು ಕೊಂಬಿನಲ್ಲಿ ನೆಲೆಸಿದ ಬಸಿರಿನ ವರದಿ 1669ರಷ್ಟು ಹಳೆಯದು. ಅಂಥ ಕೊಂಬು ಹಿಗ್ಗಲಾರದೆ ಒಡೆದರೆ ತಾಯಿಯ ಜೀವಕ್ಕೇ ಸಂಚಕಾರ. ಬದುಕಿರುವವರ ಗರ್ಭಕೋಶದ ಒಳರೂಪ ಕಾಣತೊಡಗಿದ್ದು 20ನೇ ಶತಮಾನದಲ್ಲಿ, ಬಣ್ಣದ್ರವ ತುಂಬಿ ಎಕ್ಸ್‌-ರೇ ತೆಗೆಯುವ ವಿಧಾನ ಬಂದ ಮೇಲೆ.

ದೋಷವನ್ನು ಸರಿಪಡಿಸುವ ಹಂಬಲ ಅದಕ್ಕೂ ಮುಂಚಿನದು. ಬರ್ಲಿನ್‌ನ ಪಾಲ್ ಸ್ಟ್ರಾಸ್‌ಮನ್ 1907ರಲ್ಲಿ ಎರಡು ಕೊಂಬುಗಳನ್ನು ಸೀಳಿ, ಹೊಲಿದು ಒಂದೇ ಕೋಣೆಯಾಗಿಸುವ ಶಸ್ತ್ರಕ್ರಿಯೆಯನ್ನು ವಿವರಿಸಿದರು. ಅಮೆರಿಕದ ಹೋವರ್ಡ್ ಜೋನ್ಸ್ 1950ರ ದಶಕದಲ್ಲಿ ನಡುಗೋಡೆಯನ್ನು ಬೆಣೆಯಾಕಾರದಲ್ಲಿ ಕತ್ತರಿಸಿ ತೆಗೆದರು. ಇಂಥ ಶಸ್ತ್ರಕ್ರಿಯೆಗೆ ಸಾಮಾನ್ಯವಾಗಿ ಹೊಟ್ಟೆ ಕೊಯ್ಯುತ್ತಿದ್ದರು. ಹೊಲಿಗೆ ಬಿರಿದೀತೆಂಬ ಭಯಕ್ಕೆ ಮುಂದಿನ ಹೆರಿಗೆಯೂ ಬಹುಮಟ್ಟಿಗೆ ಸಿಸೇರಿಯನ್ನೇ.

ಇದೇ ಕಾಲದಲ್ಲಿ ಮುಂಬೈಯ ವಿ. ಎನ್. ಶಿರೋಡ್ಕರ್ ಬೇರೆ ದಾರಿ ಹಿಡಿದರು. ಗೋವೆಯಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಶಾಲೆ ಕಲಿತ ಈ ವೈದ್ಯರ ಗಮನ ಹೋದದ್ದು ಗರ್ಭಕಂಠದ ಮೇಲೆ. ನಾಲ್ಕನೇ ತಿಂಗಳು ಕಳೆದ ಮೇಲೆ ಕಂಠ ನೋವಿಲ್ಲದೆ ತೆರೆದುಕೊಂಡು ಬಸಿರು ಕಳೆದುಕೊಳ್ಳುತ್ತಿದ್ದವರಿಗೆ, ಅವರದೇ ತೊಡೆಯ ಸ್ನಾಯುಪೊರೆಯಿಂದ ಪಟ್ಟಿಯೊಂದನ್ನು ತೆಗೆದು ಕಂಠದ ಸುತ್ತ ಬಿಗಿದರು. 1955ರಲ್ಲಿ ಪ್ರಕಟವಾದ ಈ ಹೊಲಿಗೆಗೆ ಜಗತ್ತಿನಾದ್ಯಂತ ಅವರದೇ ಹೆಸರು. ವಿಕೃತ ಗರ್ಭಕೋಶವಿದ್ದು ಕಂಠವೂ ದುರ್ಬಲವಾದವರಿಗೆ ಇಂದಿಗೂ ಕಂಠದ ಹೊಲಿಗೆ ಹಾಕುವುದುಂಟು.

ಗರ್ಭಕೋಶದೊಳಗೆ ದರ್ಶಕ ನಳಿಕೆ ತೂರಿಸಿ ನೋಡುವ ಹಿಸ್ಟರೊಸ್ಕೋಪಿ ಬಂದ ಮೇಲೆ ಯೋನಿಮಾರ್ಗದಿಂದಲೇ ನಡುಗೋಡೆ ಕತ್ತರಿಸುವುದು ಸಲೀಸಾಯಿತು, ಅಷ್ಟೇ ಬೇಗ ಹರಡಿತು. ಆದರೆ ಅದು ಫಲಕಾರಿ ಎಂಬುದಕ್ಕೆ ಕೊಡುತ್ತಿದ್ದ ಸಾಕ್ಷ್ಯ, ಅದೇ ಹೆಂಗಸರ ಹಿಂದಿನ ಗರ್ಭಪಾತಗಳನ್ನೂ ಆಮೇಲಿನ ಹೆರಿಗೆಗಳನ್ನೂ ಪಕ್ಕಪಕ್ಕ ಇಟ್ಟದ್ದು. ಎರಡು ಮೂರು ಗರ್ಭ ಕಳೆದುಕೊಂಡವರಲ್ಲೂ ಹೆಚ್ಚಿನವರು ಚಿಕಿತ್ಸೆಯಿಲ್ಲದೆಯೇ ಮುಂದೆ ಹೆರುತ್ತಾರೆ. ಹಾಗಾಗಿ ಈ ಹೋಲಿಕೆಗೆ ಬಲವಿಲ್ಲ. ಚೀಟಿ ಎತ್ತಿದಂತೆ ಗುಂಪು ಮಾಡಿ ಪರೀಕ್ಷಿಸಿದ ಟ್ರಸ್ಟ್ ಎಂಬ ಅಧ್ಯಯನದ ಫಲಿತಾಂಶ ಹೊರಬಂದದ್ದು 2021ರಲ್ಲಿ. ನೆದರ್ಲೆಂಡ್ಸ್, ಬ್ರಿಟನ್, ಅಮೆರಿಕ, ಇರಾನ್‌ಗಳಲ್ಲಿ ಎಂಟು ವರ್ಷ ಹುಡುಕಿದರೂ ಸಿಕ್ಕವರು 80 ಮಂದಿ. ಗೋಡೆ ಕತ್ತರಿಸಿಕೊಂಡವರಲ್ಲಿ ಶೇ. 31, ಹಾಗೇ ಬಿಟ್ಟವರಲ್ಲಿ ಶೇ. 35 ಮಂದಿಗೆ ಜೀವಂತ ಮಗು ಹುಟ್ಟಿತು. ಸಣ್ಣ ಅಧ್ಯಯನವೇ ಸರಿ, ಆದರೂ ದಶಕಗಳ ನಂಬಿಕೆಯನ್ನು ಅದು ಅಲುಗಾಡಿಸಿದೆ. ಇಕ್ಕೊಂಬಿನ ಗರ್ಭಕೋಶವನ್ನು ಒಂದುಗೂಡಿಸುವ ಶಸ್ತ್ರಕ್ರಿಯೆಯನ್ನು ಯುರೋಪಿನ ಮಾರ್ಗಸೂಚಿ ಈಗ ಶಿಫಾರಸು ಮಾಡುವುದಿಲ್ಲ.